ಕಾವಲಿಯ ಹಣ: ದತ್ತಮಂಡಲದಲ್ಲಿ ರಕ್ಷಣೆಯ ಕರಾರು

1443ರಲ್ಲಿ ವಿಜಯನಗರವನ್ನು ಕಂಡ ಅಬ್ದುರ್ ರಜಾಕ್, ಅಲ್ಲಿಯ ಕೊತ್ವಾಲನ ಅಧೀನದಲ್ಲಿದ್ದ 12,000 ಕಾವಲಿನವರ ಸಂಬಳವು ವೇಶ್ಯಾವಾಟಿಕೆಯ ತೆರಿಗೆಯಿಂದ ಸಲ್ಲುತ್ತಿತ್ತೆಂದು ಬರೆದಿದ್ದಾನೆ. ಪ್ರವಾಸಿಗಳ ಅಂಕಿಗಳನ್ನು ನೆಚ್ಚುವುದು ಕಷ್ಟ. ಆದರೂ ರಕ್ಷಣೆಗೆ ಪ್ರತ್ಯೇಕ ಆದಾಯವೊಂದನ್ನು ಗೊತ್ತುಪಡಿಸುವ ಪದ್ಧತಿ ಇತ್ತೆಂಬುದಕ್ಕೆ ಆ ಮಾತು ಸಾಕ್ಷಿಯಾಗಿದೆ.

ಹಳ್ಳಿಗಳಲ್ಲಿ ಈ ಕೆಲಸ ತಳವಾರನದು. ತೆಲುಗಿನ ತಲಾರಿ, ತಮಿಳಿನ ತಲೈಯಾರಿ, ಕನ್ನಡದ ತಳವಾರ ಒಂದೇ ಹುದ್ದೆಯ ಹೆಸರುಗಳು. ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ ಮೊದಲಿನದೂ ಕೊನೆಯದೂ ಒಂದೇ ಊರಿನಲ್ಲಿ ಕಿವಿಗೆ ಬೀಳುತ್ತವೆ. ಆತನಿಗೆ ಮಾನ್ಯದ ಭೂಮಿ, ಸುಗ್ಗಿಯ ಕಣದಲ್ಲಿ ಅಳೆದುಕೊಡುವ ಧಾನ್ಯ. ಪ್ರತಿಯಾಗಿ, ಕಳುವಾದ ಮಾಲು ಪತ್ತೆಯಾಗದಿದ್ದರೆ ನಷ್ಟವನ್ನು ಕಾವಲಿನವರೇ ತುಂಬಬೇಕು. ಕಳ್ಳನ ಹೆಜ್ಜೆಯ ಜಾಡನ್ನು ಪಕ್ಕದ ಊರಿನ ಎಲ್ಲೆಗೆ ಮುಟ್ಟಿಸಿದರೆ ಹೊಣೆಯೂ ಎಲ್ಲೆ ದಾಟುವುದೆಂಬ ರೂಢಿ ಅನೇಕ ಕಡೆ ಇತ್ತು. ಬರಹದಲ್ಲಿ ಇರಲಿ ಬಿಡಲಿ, ಇದು ಕರಾರೇ. ಲೆಕ್ಕ ಕೇಳುವವನು ಕಳೆದುಕೊಂಡ ರೈತ.

ತಳವಾರನ ಮೇಲೆ ಪಾಳೆಯಗಾರನು ಕುಳಿತಾಗ ಕರಾರಿನ ಸ್ವರೂಪ ಕೆಟ್ಟಿತು. ಹತ್ತಾರು ಊರುಗಳಿಂದ, ದಾರಿಯ ವರ್ತಕರಿಂದ ಆತ ಎತ್ತುತ್ತಿದ್ದ ಕಾವಲಿಯು ಬಹುಮಟ್ಟಿಗೆ ಆತನಿಂದಲೇ ತಪ್ಪಿಸಿಕೊಳ್ಳಲು ತೆತ್ತ ಹಣವಾಗಿತ್ತು. 1800ರಲ್ಲಿ ನಿಜಾಮನು ಈ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಎದುರಿಸಬೇಕಾಗಿ ಬಂದ ಪಾಳೆಯಗಾರರು ಸುಮಾರು 80. 1807ರವರೆಗಿನ ಅವನ ಆಡಳಿತದಲ್ಲಿ ಕೆಲವರಿಗೆ ವಿಶ್ರಾಂತಿವೇತನ ದೊರೆಯಿತು, ಕೆಲವರು ಹೊರದಬ್ಬಲ್ಪಟ್ಟರು.

ಇತ್ತ ಮದರಾಸು ಸರ್ಕಾರ 1802ರ ಕಾಯಿದೆಯ ಮೂಲಕ ಕಾವಲಿಯ ವರಮಾನವನ್ನು ತನ್ನ ವಶಕ್ಕೆ ತೆಗೆದುಕೊಂಡು, ಖಜಾನೆಯಿಂದ ಸಂಬಳ ಪಡೆಯುವ ದರೋಗರ ವ್ಯವಸ್ಥೆಯನ್ನು ರೂಪಿಸಿತು. ಇಲ್ಲಿ ಗಮನಿಸಬೇಕಾದದ್ದು, ಹಣ ಸರ್ಕಾರಕ್ಕೆ ಬಂತು, ಹೊಣೆ ಬರಲಿಲ್ಲ. ನಷ್ಟ ತುಂಬಿಕೊಡಬೇಕೆಂಬ ಹಳೆಯ ಷರತ್ತು ದರೋಗನಿಗೆ ಅನ್ವಯಿಸಲಿಲ್ಲ. ಊರಿನ ಕಾವಲು ಊರಿನವರ ಕೈಯಲ್ಲೇ ಇರಬೇಕೆಂಬ ಮನ್ರೋನ ವಾದವೇ 1816ರ ಹನ್ನೊಂದನೆಯ ರೆಗ್ಯುಲೇಷನ್ನಿನಲ್ಲಿ ಗೆದ್ದು, ಗ್ರಾಮದ ಮುಖ್ಯಸ್ಥ ಮತ್ತು ತಳವಾರ ಮತ್ತೆ ಪೊಲೀಸ್ ವ್ಯವಸ್ಥೆಯ ತಳಪಾಯವಾದರು. ಆದರೆ ಮೇಲ್ವಿಚಾರಣೆ ನ್ಯಾಯಾಧೀಶನಿಂದ ಕಲೆಕ್ಟರನಿಗೆ ವರ್ಗವಾಯಿತು. ತಾಲೂಕಿನಲ್ಲಿ ಕಂದಾಯ ವಸೂಲಿ ಮಾಡುವ ತಹಸೀಲ್ದಾರನೇ ಪೊಲೀಸ್ ಮುಖ್ಯಸ್ಥನೂ ಆದ. ದೂರು ಯಾರ ವಿರುದ್ಧವೋ ಅವರ ಬಾಗಿಲಿಗೇ ಅದನ್ನು ಒಯ್ಯಬೇಕಾದ ಸ್ಥಿತಿ. ಮನ್ರೋನ ಗ್ರಾಮಪ್ರೀತಿಯನ್ನು ಮೆಚ್ಚುವ ಬರಹಗಳು ಈ ಅಂಶವನ್ನು ಬೇಗನೆ ದಾಟಿಬಿಡುತ್ತವೆ.

1855ರಲ್ಲಿ ವರದಿ ಸಲ್ಲಿಸಿದ ಮದರಾಸಿನ ಚಿತ್ರಹಿಂಸೆ ಆಯೋಗವು ಕಂದಾಯ ವಸೂಲಿಯಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ಎತ್ತಿಹಿಡಿದು, ಎರಡು ಅಧಿಕಾರಗಳು ಒಂದೇ ಕೈಯಲ್ಲಿರುವುದನ್ನು ಟೀಕಿಸಿತು. 1859ರ ಪೊಲೀಸ್ ಕಾಯಿದೆ ಪ್ರತ್ಯೇಕ ಪಡೆಯನ್ನು ಸ್ಥಾಪಿಸಿತು. ತಳವಾರ ಉಳಿದ, ಕಂದಾಯ ಇಲಾಖೆಯ ಆಳಾಗಿ. ಕಳುವಾದ ಎತ್ತಿಗೆ ಬೆಲೆ ಕಟ್ಟಿಕೊಡುವವರು ಯಾರೂ ಉಳಿಯಲಿಲ್ಲ.