ಅಚ್ಚು ಮತ್ತು ಹದ: ರಬ್ಬರ್ ಪಾತ್ರೆಯ ಕಥೆ

ಕಬ್ಬಿನ ಹಾಲು ಒಂದೇ. ಆದರೆ ಸಾಗರದ ಕಡೆಯ ಆಲೆಮನೆಯಲ್ಲಿ ಅದು ಜೋನಿ ಬೆಲ್ಲವಾಗಿ ಡಬ್ಬ ಸೇರುತ್ತದೆ. ಮಂಡ್ಯದ ಆಲೆಮನೆಯಲ್ಲಿ ಅಚ್ಚು ಬೆಲ್ಲವಾಗಿ ಸಂತೆಗೆ ಹೋಗುತ್ತದೆ. ವ್ಯತ್ಯಾಸ ಇರುವುದು ಪಾಕದಲ್ಲಿ. ಜೋನಿಯ ಹದಕ್ಕೆ ಇಳಿಸಿದ ಪಾಕವನ್ನು ಎಂಥ ಅಚ್ಚಿಗೆ ಹೊಯ್ದರೂ ಅದು ನಿಲ್ಲುವುದಿಲ್ಲ. ಆಕಾರ ಕೊಡುವುದು ಅಚ್ಚಿನ ಕೆಲಸ. ಕೊಟ್ಟ ಆಕಾರವನ್ನು ಉಳಿಸುವುದು ಹದದ ಕೆಲಸ. ಬೆಲ್ಲ ಮಾಡುವವರಿಗೆಲ್ಲ ಗೊತ್ತಿರುವ ಈ ಮಾತನ್ನು ರಬ್ಬರಿನ ವಿಷಯದಲ್ಲಿ ಅರಿತುಕೊಳ್ಳಲು ಯುರೋಪಿನವರಿಗೆ ನೂರು ವರ್ಷ ಬೇಕಾಯಿತು. ಅವರಿಗಿಂತ ಬಹಳ ಮೊದಲೇ ಅದನ್ನು ಅರಿತಿದ್ದವರು ಅಮೆಜಾನ್ ಕಾಡಿನ ಜನ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇಂದು ಅಡಿಕೆಯ ನೆರೆಯಲ್ಲಿ ರಬ್ಬರ್ ತೋಟಗಳೂ ಕಾಣುತ್ತವೆ. ಮರದ ತೊಗಟೆಯನ್ನು ಓರೆಯಾಗಿ ಕೆತ್ತಿದಾಗ ಒಸರುವ ಹಾಲು ಕೆಳಗೆ ಕಟ್ಟಿದ ಕರಟಕ್ಕೆ ಅಥವಾ ಪ್ಲಾಸ್ಟಿಕ್ ಬಟ್ಟಲಿಗೆ ಬೀಳುತ್ತದೆ. ನೋಡಲು ಹಸುವಿನ ಹಾಲಿನಂತಿರುವ ಈ ದ್ರವದಲ್ಲಿ ಮೂರನೆಯ ಒಂದು ಭಾಗದಷ್ಟು ರಬ್ಬರ್. ಉಳಿದದ್ದು ಬಹುಪಾಲು ನೀರು. ಗಾಳಿಗೆ ಬಿಟ್ಟರೆ ತಾನಾಗಿಯೇ ಗರಣೆ ಕಟ್ಟುತ್ತದೆ. ಆದರೆ ಹೀಗೆ ಗರಣೆ ಕಟ್ಟಿದ್ದು ಪಾತ್ರೆಯಾಗಲಾರದು. ಬಿಸಿಲಿಗೆ ಮೆತ್ತಗಾಗಿ ಅಂಟುತ್ತದೆ, ಚಳಿಗೆ ಬಿರುಸಾಗುತ್ತದೆ, ಎಳೆದ ಕಡೆಗೆ ಜಗ್ಗಿ ಅಲ್ಲೇ ಉಳಿಯುತ್ತದೆ.

ಫ್ರಾನ್ಸಿನ ವಿಜ್ಞಾನಿ ಲಾ ಕೊಂದಾಮಿನ್ ಭೂಮಿಯ ಆಕಾರವನ್ನು ಅಳೆಯುವ ತಂಡದೊಂದಿಗೆ 1735ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋದ. ಮರುವರ್ಷ ಅಲ್ಲಿಂದ ಪ್ಯಾರಿಸ್ಸಿಗೆ ರಬ್ಬರಿನ ಮಾದರಿಯನ್ನು ಕಳುಹಿಸಿದ. 1743ರಲ್ಲಿ ಅಮೆಜಾನ್ ನದಿಯಗುಂಟ ಇಳಿದು ಬಂದಾಗ ಒಮಾಗುವಾ ಜನರು ರಬ್ಬರಿನಿಂದ ಮಾಡುತ್ತಿದ್ದ ಸೀಸೆಗಳ ಸಂಗತಿಯನ್ನು ಬರೆದುಕೊಂಡ. ಪೇರಲೆ ಹಣ್ಣಿನಂತೆ ಬುಡ ಉಬ್ಬಿದ, ಕತ್ತು ಸಣ್ಣಗಾದ ಸೀಸೆಗಳು ಅವು. ಕತ್ತಿಗೆ ಒಂದು ಕೊಳವೆ ಸಿಕ್ಕಿಸಿ, ಒಳಗೆ ದ್ರವ ತುಂಬಿ ಹಿಚುಕಿದರೆ ಪಿಚಕಾರಿಯಂತೆ ಚಿಮ್ಮುತ್ತಿತ್ತು. ಔತಣಕ್ಕೆ ಬಂದ ಅತಿಥಿಗಳಿಗೆ ಇದನ್ನು ಕೊಡುವ ಪದ್ಧತಿಯೂ ಇತ್ತು. ಪೋರ್ಚುಗೀಸರು ಇದನ್ನು ಕಂಡು ರಬ್ಬರ್ ಮರಕ್ಕೇ 'ಸಿರಿಂಜಿನ ಮರ' ಎಂಬ ಅರ್ಥದ ಹೆಸರಿಟ್ಟರು. ಬ್ರೆಜಿಲಿನಲ್ಲಿ ರಬ್ಬರ್ ಮರವನ್ನು 'ಸೆರಿಂಗೇರಾ' ಎಂದು ಕರೆಯುವುದು ಇದರಿಂದಲೇ.

ಹೊಟ್ಟೆ ದಪ್ಪ, ಕತ್ತು ಸಣ್ಣ ಇರುವ ಸೀಸೆಯನ್ನು ಅಚ್ಚಿನ ಮೇಲೆ ಮಾಡಿದರೆ ಒಳಗಿನ ಅಚ್ಚನ್ನು ಹೊರಗೆ ತೆಗೆಯುವುದು ಹೇಗೆ? ಕಾಡಿನ ಜನ ಇದಕ್ಕೆ ಕಂಡುಕೊಂಡ ಉಪಾಯ ಸರಳ. ಸೀಸೆಯ ಒಳ ಆಕಾರವನ್ನು ಜೇಡಿಮಣ್ಣಿನಲ್ಲಿ ಮಾಡಿ ಒಣಗಿಸುತ್ತಿದ್ದರು. ಅದರ ಮೇಲೆ ರಬ್ಬರ್ ಹಾಲನ್ನು ಸವರಿ, ತಾಳೆ ಜಾತಿಯ ಮರದ ಕಾಯಿಗಳನ್ನು ಉರಿಸಿದ ದಟ್ಟ ಹೊಗೆಗೆ ಹಿಡಿಯುತ್ತಿದ್ದರು. ಒಂದು ಪದರ ಗಟ್ಟಿಯಾದ ಮೇಲೆ ಮತ್ತೆ ಹಾಲು, ಮತ್ತೆ ಹೊಗೆ. ಬೇಕಾದಷ್ಟು ದಪ್ಪ ಬಂದ ಮೇಲೆ ಮಣ್ಣನ್ನು ಒಳಗೇ ಪುಡಿ ಮಾಡಿ ಕತ್ತಿನಿಂದ ಉದುರಿಸಿಬಿಡುತ್ತಿದ್ದರು. ಪಾತ್ರೆ ಉಳಿಯಿತು, ಅಚ್ಚು ಅಳಿಯಿತು. ನಮ್ಮ ಕಂಚಿನ ಶಿಲ್ಪಿಗಳು ಮೇಣದ ಬೊಂಬೆಗೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಎರಕ ಹೊಯ್ದು, ಕೊನೆಗೆ ಮಣ್ಣನ್ನು ಒಡೆಯುವುದರ ಹಿಂದೆಯೂ ಇದೇ ಯುಕ್ತಿ ಇದೆ.

ಇಲ್ಲಿ ಹೊಗೆ ಬರಿಯ ಒಣಗಿಸುವ ಸಾಧನವಲ್ಲ. ಅದರ ಬಿಸಿ ನೀರನ್ನು ಓಡಿಸುತ್ತದೆ. ಅದರಲ್ಲಿನ ಆಮ್ಲಗಳು ಹಾಲನ್ನು ಹೆಪ್ಪುಗಟ್ಟಿಸುತ್ತವೆ. ಉಳಿದ ಕೆಲವು ಅಂಶಗಳು ಬೂಷ್ಟು ಹಿಡಿಯದಂತೆ, ಬೇಗ ಹಳಸದಂತೆ ಕಾಯುತ್ತವೆ. ಮೆಕ್ಸಿಕೋದ ಪ್ರಾಚೀನ ಜನರ ದಾರಿ ಬೇರೆ. ಅವರು ಇನ್ನೊಂದು ಜಾತಿಯ ರಬ್ಬರ್ ಮರದ ಹಾಲಿಗೆ ಒಂದು ಬಳ್ಳಿಯ ರಸವನ್ನು ಬೆರೆಸಿ ಪುಟಿಯುವ ಚೆಂಡುಗಳನ್ನು ಮಾಡುತ್ತಿದ್ದರು. ಅಲ್ಲಿನ ಎಲ್ ಮನಾತಿ ಎಂಬಲ್ಲಿ ಕೆಸರಿನಡಿ ಸಿಕ್ಕ ಚೆಂಡುಗಳು ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯವು. ಬಳ್ಳಿಯ ರಸದಿಂದ ರಬ್ಬರಿನ ಪುಟಿತ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಎಂ.ಐ.ಟಿ. ಸಂಶೋಧಕರು 1999ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು.

ಯುರೋಪಿಗೆ ಬಂದದ್ದು ರಬ್ಬರ್ ಮಾತ್ರ. ಅದರ ವಿದ್ಯೆ ಬರಲಿಲ್ಲ. ಹಡಗಿನಲ್ಲಿ ಬರುವಷ್ಟರಲ್ಲಿ ಹಾಲು ಕೆಟ್ಟು ಹೆಪ್ಪಾಗುತ್ತಿತ್ತು. ಹೀಗಾಗಿ ಅಮೆಜಾನಿನಲ್ಲಿ ತಯಾರಾದ ಸೀಸೆಗಳೇ ಯುರೋಪಿನ ಕಚ್ಚಾ ಮಾಲಾದವು. 1770ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಪೆನ್ಸಿಲ್ ಗೆರೆಯನ್ನು ಒರೆಸಲು ಇದು ಒಳ್ಳೆಯದೆಂದು ಬರೆದ. 'ಉಜ್ಜು' ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದ ರಬ್ಬರ್ ಎಂಬ ಹೆಸರು ಬಂತು. ಲಂಡನ್ನಿನ ಥಾಮಸ್ ಹ್ಯಾನ್ಕಾಕ್ 1820ರಲ್ಲಿ ಉದ್ಯಮ ಆರಂಭಿಸಿದ್ದು ಇಂಥ ಸೀಸೆಗಳನ್ನು ಕತ್ತರಿಸಿ, ಕೈಗವಸು ಮುಂತಾದವುಗಳಿಗೆ ಹಿಗ್ಗುವ ಪಟ್ಟಿಗಳನ್ನು ಮಾಡುವುದರಿಂದ. ಕುಶಲಿಗಳು ಮಾಡಿದ ಪಾತ್ರೆಯನ್ನು ಕೊಂಡು ಚೂರು ಮಾಡುವುದೇ ಆಗಿನ ಉದ್ಯಮ! ಅಮೆರಿಕದ ಬಾಸ್ಟನ್ನಿಗೂ ಬ್ರೆಜಿಲಿನ ಪಾರಾ ಬಂದರಿನಿಂದ ಮಣ್ಣಿನ ಅಚ್ಚಿನ ಮೇಲೆ ಮಾಡಿದ ರಬ್ಬರ್ ಪಾದರಕ್ಷೆಗಳು ಬರುತ್ತಿದ್ದವು. ಅವು ಕಾಲಿನ ಅಳತೆಗೆ ಸರಿಹೊಂದುವುದಿಲ್ಲವೆಂದು ವರ್ತಕರು ಆಮೇಲೆ ತಮ್ಮ ಮರದ ಅಚ್ಚುಗಳನ್ನೇ ಪಾರಾಕ್ಕೆ ಕಳುಹಿಸತೊಡಗಿದರು.

ಅಲ್ಲಿಂದ ತರಿಸುವ ಬದಲು ತಾವೇ ಮಾಡಿದರೇನು ಎಂದು 1830ರ ದಶಕದಲ್ಲಿ ಅಮೆರಿಕದಲ್ಲಿ ಕಂಪನಿಗಳು ಹುಟ್ಟಿದವು. ಗಟ್ಟಿ ರಬ್ಬರನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಬಟ್ಟೆಗೆ, ಚೀಲಕ್ಕೆ, ಬೂಟಿಗೆ ಬಳಿದರು. ಬೇಸಿಗೆ ಬಂದಾಗ ಸರಕೆಲ್ಲ ಅಂಟಿನ ಮುದ್ದೆಯಾಗಿ ನಾತ ಹೊಡೆಯಿತು. ಒಂದರ ಹಿಂದೊಂದು ಕಂಪನಿಗಳು ಮುಳುಗಿದವು. ಅವರಲ್ಲಿ ಅಚ್ಚಿಗೆ ಕೊರತೆ ಇರಲಿಲ್ಲ, ಇಲ್ಲದಿದ್ದದ್ದು ಹದ.

ಆ ಹದವನ್ನು ಹುಡುಕುತ್ತ ಮನೆಮಠ ಕಳೆದುಕೊಂಡವನು ಚಾರ್ಲ್ಸ್ ಗುಡ್‌ಇಯರ್. ನಥಾನಿಯಲ್ ಹೇವರ್ಡ್ ಎಂಬಾತನಿಂದ ಗಂಧಕದ ಉಪಯೋಗವನ್ನು ತಿಳಿದುಕೊಂಡ ಈತ, ಗಂಧಕ ಬೆರೆತ ರಬ್ಬರ್ ಬಿಸಿಗೆ ಸಿಕ್ಕಿದಾಗ ಕರಗದೆ ಚರ್ಮದಂತೆ ಗಟ್ಟಿಯಾಗುವುದನ್ನು 1839ರಲ್ಲಿ ಕಂಡ. ಎಷ್ಟು ಗಂಧಕ, ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಗೊತ್ತುಮಾಡಿಕೊಳ್ಳಲು ಮತ್ತೆ ವರ್ಷಗಳೇ ಹಿಡಿದವು. 1844ರ ಜೂನ್ 15ರಂದು ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಅವನ ಮಾದರಿಗಳನ್ನು ನೋಡಿದ್ದ ಹ್ಯಾನ್ಕಾಕ್ ಅಲ್ಲಿನ ಪೇಟೆಂಟಿಗೆ ಅರ್ಜಿ ಹಾಕಿಯಾಗಿತ್ತು. ರೋಮನ್ನರ ಅಗ್ನಿದೇವತೆ ವಲ್ಕನನ ಹೆಸರಿನಿಂದ ಈ ವಿಧಾನಕ್ಕೆ 'ವಲ್ಕನೈಸೇಷನ್' ಎಂದು ಹೆಸರಾಯಿತು. ಗುಡ್‌ಇಯರ್ 1860ರಲ್ಲಿ ಸಾಯುವಾಗ ಅವನ ತಲೆಯ ಮೇಲೆ ಸುಮಾರು 2 ಲಕ್ಷ ಡಾಲರ್ ಸಾಲವಿತ್ತು. ಅವನ ಹೆಸರಿನ ಟಯರ್ ಕಂಪನಿ ಸ್ಥಾಪನೆಯಾದದ್ದು 1898ರಲ್ಲಿ. ಅದಕ್ಕೂ ಅವನ ಕುಟುಂಬಕ್ಕೂ ಸಂಬಂಧವಿಲ್ಲ.

ರಬ್ಬರ್ ಎಂದರೆ ಉದ್ದುದ್ದ ಎಳೆಗಳ ಗೋಜಲು. ಹಸಿ ರಬ್ಬರಿನಲ್ಲಿ ಈ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಬಿಸಿ ಮಾಡಿದಾಗ ಗಂಧಕವು ಅವುಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಆಗ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಗಂಟು ಬಿದ್ದ ಕ್ಷಣದಲ್ಲಿ ಯಾವ ಆಕಾರವಿತ್ತೋ ಅದೇ ಕಾಯಂ. ಬೆಲ್ಲವನ್ನು ಮತ್ತೆ ಕರಗಿಸಬಹುದು; ಬೆಂದ ರಬ್ಬರನ್ನು ಮತ್ತೆ ಕರಗಿಸಿ ಎರೆಯಲಾಗದು. ಆದ್ದರಿಂದ ರಬ್ಬರ್ ಬೇಯುವುದು ಅಚ್ಚಿನ ಒಳಗೇ ಆಗಬೇಕು. ಅಚ್ಚೇ ಒಲೆಯ ಮೇಲಿನ ಪಾತ್ರೆಯೂ ಆಗುತ್ತದೆ.

ಅಚ್ಚು ಮಾಡುವವನ ಲೆಕ್ಕಾಚಾರ ಶುರುವಾಗುವುದು ಇಲ್ಲಿಂದ. ಕಬ್ಬಿಣ ಅಥವಾ ಉಕ್ಕಿನ ಎರಡು ಹೋಳು, ಪಾತ್ರೆಯಾದರೆ ನಡುವೆ ಒಳಅಚ್ಚು. ಬೇಕಾದ್ದಕ್ಕಿಂತ ತುಸು ಹೆಚ್ಚು ರಬ್ಬರ್ ಇಟ್ಟು ಒತ್ತಬೇಕು. ಹೆಚ್ಚಾದದ್ದು ಹರಿದುಹೋಗಲು ಅಂಚಿನಲ್ಲಿ ಕಾಲುವೆ ಇರಬೇಕು. ಸಿಕ್ಕಿಬಿದ್ದ ಗಾಳಿ ಹೊರಹೋಗದಿದ್ದರೆ ಗುಳ್ಳೆಯಾಗಿ ಅಲ್ಲಿಯೇ ಸೋರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆಂದ ಸರಕು ಆರಿದಾಗ ನೂರಕ್ಕೆ ಒಂದೂವರೆ, ಎರಡರಷ್ಟು ಕುಗ್ಗುವುದರಿಂದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಕೊರೆಯಬೇಕು. ರಬ್ಬರ್ ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಇದ್ದರೆ ದಪ್ಪದ ನಡುವೆ ಬೇಯುವಷ್ಟರಲ್ಲಿ ತೆಳುವಾದ ಕಡೆ ಹದ ಮೀರಿ ದುರ್ಬಲವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಮಾಗುವಾ ಜನರದೇ: ಒಳಅಚ್ಚು ಹೊರಗೆ ಬರುವುದೆಂತು? ಲೋಹದ ಅಚ್ಚನ್ನು ಪ್ರತಿಸಲ ಒಡೆಯಲಾಗದು. ಇಲ್ಲಿ ನೆರವಿಗೆ ಬರುವುದು ರಬ್ಬರಿನ ಗುಣವೇ. ಬೆಂದ ರಬ್ಬರ್ ಹಿಗ್ಗುವುದರಿಂದ ಸಣ್ಣ ಕತ್ತನ್ನು ಅಗಲಿಸಿ, ದಪ್ಪ ಒಳಅಚ್ಚಿನ ಮೇಲಿಂದ ಪಾತ್ರೆಯನ್ನೇ ಎಳೆದು ತೆಗೆಯಬಹುದು. ಸೊಂಟನೋವಿಗೆ ಶಾಖ ಕೊಡುವ ಬಿಸಿನೀರಿನ ಚೀಲ ತಯಾರಾಗುವುದು ಹೀಗೆಯೇ. ಗಾಜಿನಲ್ಲಿ, ಮಣ್ಣಿನಲ್ಲಿ ಇದು ಸಾಧ್ಯವಿಲ್ಲ.

ಹದ ಸಿಕ್ಕಿದ ಮೇಲೆ ರಬ್ಬರಿಗೆ ಬೇಡಿಕೆ ಏರಿತು. ಅದರ ಬೆಲೆಯನ್ನು ತೆತ್ತವರು ಕಾಡಿನ ಜನ. ಒಮಾಗುವಾ ಜನಾಂಗ ಹೊರಗಿನಿಂದ ಬಂದ ಕಾಯಿಲೆಗಳಿಂದ, ಗುಲಾಮರ ಬೇಟೆಯಿಂದ ಮೊದಲೇ ಸೊರಗಿತ್ತು. ಪುಟುಮಾಯೋ ನದಿಯ ಪ್ರದೇಶದಲ್ಲಿ ರಬ್ಬರ್ ತರಲೆಂದು ಆದಿವಾಸಿಗಳಿಗೆ ಕೊಟ್ಟ ಚಿತ್ರಹಿಂಸೆಯನ್ನು ರೋಜರ್ ಕೇಸ್‌ಮೆಂಟ್ 1910ರಲ್ಲಿ ಹೋಗಿ ವಿಚಾರಿಸಿದ. 1912ರಲ್ಲಿ ಪ್ರಕಟವಾದ ಅವನ ವರದಿ ಲೋಕವನ್ನು ಬೆಚ್ಚಿಬೀಳಿಸಿತು. ಪೇಟೆಂಟಿಗಾಗಿ ಗುಡ್‌ಇಯರ್ ಮತ್ತು ಹ್ಯಾನ್ಕಾಕ್ ನ್ಯಾಯಾಲಯ ಹತ್ತಿದ್ದರು. ಮಣ್ಣಿನ ಅಚ್ಚಿನ ಮೊದಲ ಕುಶಲಿಗಳ ಪರವಾಗಿ ಕೇಳಲು ಯಾವ ನ್ಯಾಯಾಲಯವೂ ಇರಲಿಲ್ಲ.

ಹೆನ್ರಿ ವಿಕ್‌ಹ್ಯಾಮ್ 1876ರಲ್ಲಿ ಬ್ರೆಜಿಲಿನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ತಂದ. ಮೊಳೆತ ಸಸಿಗಳಲ್ಲಿ ಹೆಚ್ಚಿನವು ಸಿಲೋನಿಗೆ ಹೋದವು. ಭಾರತದಲ್ಲಿ 1902ರಲ್ಲಿ ಪೆರಿಯಾರ್ ದಂಡೆಯ ತಟ್ಟೆಕ್ಕಾಡಿನಲ್ಲಿ ವಾಣಿಜ್ಯ ತೋಟ ಎದ್ದಿತು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ಕಡೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸರ್ಕಾರ ರಬ್ಬರ್ ತೋಟಗಳಲ್ಲಿ ನೆಲೆ ಕಲ್ಪಿಸಿತು. ಅದಕ್ಕೆ ಹಿನ್ನೆಲೆಯಾದದ್ದು 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದ. ಘಟ್ಟದ ಮೇಲೂ ರಬ್ಬರ್ ನಿಧಾನವಾಗಿ ಹಬ್ಬಿತು.

ಈ ತೋಟಗಳಲ್ಲಿ ನಡೆಯುವ ಕೆಲಸದಲ್ಲಿ ಅಮೆಜಾನಿನ ನೆರಳು ಇಂದಿಗೂ ಇದೆ. ಸೋಸಿ ನೀರು ಬೆರೆಸಿದ ಹಾಲಿಗೆ ಫಾರ್ಮಿಕ್ ಆಮ್ಲ ಹಾಕಿ ಅಲ್ಯುಮಿನಿಯಂ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸುತ್ತಾರೆ. ತಟ್ಟೆಯೇ ಇಲ್ಲಿ ಅಚ್ಚು. ಆ ಹೆಪ್ಪನ್ನು ಯಂತ್ರದ ರೋಲರಿನಲ್ಲಿ ಒತ್ತಿ, ಗೆರೆ ಮೂಡಿಸಿ, ಹೊಗೆಮನೆಯಲ್ಲಿ ಕೆಲವು ದಿನ ತೂಗುಹಾಕಿದರೆ ಜೇನಿನ ಬಣ್ಣದ ಶೀಟು ಸಿದ್ಧ. ಬೆಳೆಗಾರನ ಕೆಲಸ ಅಲ್ಲಿಗೆ ಮುಗಿಯಿತು. ಗಂಧಕದ ಹದ, ಉಕ್ಕಿನ ಅಚ್ಚು ಎಲ್ಲವೂ ದೂರದ ಕಾರ್ಖಾನೆಯವು. ಶೀಟು ಮಾರಿದವನೇ ಚೀಲ, ಬೂಟು, ಟಯರುಗಳನ್ನು ಅಂಗಡಿಯಿಂದ ಕೊಂಡುತರುತ್ತಾನೆ. ಇನ್ನು ಆಸ್ಪತ್ರೆಯ ಕೈಗವಸು ಮಾಡುವ ಕಾರ್ಖಾನೆಯಲ್ಲಂತೂ ಪಿಂಗಾಣಿಯ ಕೈಗಳ ಸಾಲು ರಬ್ಬರ್ ಹಾಲಿನಲ್ಲಿ ಮುಳುಗಿ ಏಳುತ್ತದೆ. ಹೊಗೆಯ ಬದಲು ಬಿಸಿಗಾಳಿ, ಹಾಲಿನಲ್ಲಿ ಮೊದಲೇ ಬೆರೆಸಿದ ಗಂಧಕ. ಉಳಿದಂತೆ ಅದು ಒಮಾಗುವಾ ವಿಧಾನವೇ.

ಮಲೆನಾಡಿಗೆ ತನ್ನದೇ ಆದ ಅಚ್ಚಿನ ಉದ್ಯಮವೊಂದು ಒಲಿದದ್ದು ರಬ್ಬರಿನಲ್ಲಲ್ಲ, ಅಡಿಕೆಯ ಹಾಳೆಯಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿಯ ಹಿನ್ನೀರಿನಾಚೆ ಉಳಿದ ಬ್ಯಾಕೋಡು, ತುಮರಿಯ ಸೀಮೆಯೂ ಅಡಿಕೆಯ ನಾಡು. ತೋಟದಲ್ಲಿ ತಾನಾಗಿ ಉದುರುವ ಹಾಳೆಯನ್ನು ಮಡಿಸಿ ಟೊಪ್ಪಿ, ದೊನ್ನೆ ಮಾಡಿಕೊಳ್ಳುವುದು ಹಳೆಯ ರೂಢಿ. ಅದನ್ನೇ ನೀರಿನಲ್ಲಿ ನೆನೆಸಿ, ಬಿಸಿಯಾದ ಎರಡು ಡೈಗಳ ನಡುವೆ ಒತ್ತಿದರೆ ತಟ್ಟೆ, ಬಟ್ಟಲು ಆಗುತ್ತವೆ. ಹಸಿ ಹಾಳೆ ಬಾಗುತ್ತದೆ. ಬಿಸಿಗೆ ತೇವ ಆರಿದಾಗ ಬಾಗಿದ ಆಕಾರ ನಿಲ್ಲುತ್ತದೆ. ಗಂಧಕವೂ ಬೇಡ, ಹೊಗೆಯೂ ಬೇಡ. ಡೈ, ಹದ ಎರಡೂ ಊರಿನಲ್ಲೇ ಇರುವುದರಿಂದ ಕೂಲಿಯೂ ಊರಿನಲ್ಲೇ ಉಳಿಯುತ್ತದೆ.

ಆದರೆ ಪಾತ್ರೆಗೆ ಮೂರನೆಯ ಪರೀಕ್ಷೆಯೊಂದಿದೆ: ತಾನು ಹೊತ್ತದ್ದಕ್ಕೆ ಅದು ಏನನ್ನು ಬಿಟ್ಟುಕೊಡುತ್ತದೆ? ರಬ್ಬರನ್ನು ಬೇಗ ಬೇಯಿಸಲು ಬೆರೆಸುವ ರಾಸಾಯನಿಕಗಳಿಂದ ಮಕ್ಕಳ ಹಾಲಿನ ಬಾಟಲಿಯ ನಿಪ್ಪಲ್‌ಗಳಲ್ಲಿ ನೈಟ್ರೋಸಮೀನ್ ಎಂಬ ಅಪಾಯಕಾರಿ ವಸ್ತು ಸೇರುವುದು ತಿಳಿದಾಗ, 1980ರ ದಶಕದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ ಮಿತಿ ಹಾಕಿತು. ತಯಾರಕರು ಬೆರಕೆಯನ್ನು ಬದಲಿಸಿದರು, ನಿಪ್ಪಲ್ ಉಳಿಯಿತು. ಅದೇ ಸಂಸ್ಥೆ 2025ರ ಮೇ ತಿಂಗಳಲ್ಲಿ, ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯ ಕ್ಷಾರಾಂಶಗಳು ಆಹಾರಕ್ಕೆ ಸೇರಬಹುದೆಂದು ಹೇಳಿ ಅವುಗಳನ್ನು ಮಾರಬಾರದು, ಬಳಸಬಾರದು ಎಂದು ಸೂಚಿಸಿತು. ಅದಾಗಿ ಎರಡು ತಿಂಗಳಲ್ಲಿ, ಜುಲೈ 14ರಂದು, ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಲಾಂಚಿಗೆ ಕಾಯದೆ ಸರಕು ಸಾಗಿಸುವ ದಾರಿಯೇನೋ ಆಯಿತು. ರಬ್ಬರಿನ ಇತಿಹಾಸ ಹೇಳುವುದನ್ನು ನಂಬುವುದಾದರೆ ಹಾಳೆಯ ತಟ್ಟೆಗೆ ಮುಂದೆ ಬೇಕಾದದ್ದು ಹೊಸ ಅಚ್ಚಲ್ಲ. ಹಾಳೆಯಲ್ಲಿ ಏನಿದೆ, ಎಷ್ಟಿದೆ, ಯಾವ ಹದದಲ್ಲಿ ಅದು ಹೋಗುತ್ತದೆ ಎಂಬ ಪ್ರಯೋಗಶಾಲೆಯ ಲೆಕ್ಕ. ಗುಡ್‌ಇಯರ್ ವರ್ಷಗಟ್ಟಲೆ ಹುಡುಕಿದ್ದೂ ಇಂಥದೇ ಲೆಕ್ಕವನ್ನು.