ಗೋಧಿ ಹೊಲದಲ್ಲಿ ಗ್ರಹಣದ ಲೆಕ್ಕ!

ಸಂಜೆ ನೆಟ್ಟಗೆ ನಿಂತಿದ್ದ ಗೋಧಿ ಪೈರು ಬೆಳಗಾಗುವುದರೊಳಗೆ ನೆಲಕ್ಕೆ ಮಲಗಿರುತ್ತದೆ. ಮಳೆ ಗಾಳಿಗೆ ಬಿದ್ದ ಪೈರಿನಂತೆ ಅಡ್ಡಾದಿಡ್ಡಿಯಾಗಿ ಅಲ್ಲ; ಕೈವಾರ ಹಿಡಿದು ಎಳೆದಷ್ಟು ಅಚ್ಚುಕಟ್ಟಾದ ವೃತ್ತಗಳಲ್ಲಿ. ಹೊಲದ ಬದುವಿನಲ್ಲಿ ನಿಂತವರಿಗೆ ಏನೂ ತಿಳಿಯದು. ಪಕ್ಕದ ಗುಡ್ಡ ಹತ್ತಿದರೆ ಅಥವಾ ವಿಮಾನದಿಂದ ನೋಡಿದರೆ ಮಾತ್ರ ಚಿತ್ತಾರ ಕಣ್ಣಿಗೆ ಬೀಳುತ್ತದೆ. ದಕ್ಷಿಣ ಇಂಗ್ಲೆಂಡಿನ ವಿಲ್ಟ್‌ಶೈರ್ ಮತ್ತು ಹ್ಯಾಂಪ್‌ಶೈರ್ ಕೌಂಟಿಗಳಲ್ಲಿ 1980ರ ದಶಕದಿಂದೀಚೆಗೆ ಬೇಸಿಗೆ ಬಂತೆಂದರೆ ಇಂಥ ‘ಕ್ರಾಪ್ ಸರ್ಕಲ್’ಗಳದೇ ಮಾತು.

ಇವುಗಳನ್ನು ಬರೆದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಬರೆದಿರುವುದು ಏನು ಎಂಬ ಪ್ರಶ್ನೆ ಮಾತ್ರ ಮತ್ತೆ ಮತ್ತೆ ಎದ್ದಿದೆ. ಈ ವೃತ್ತಗಳಲ್ಲಿ ಗ್ರಹಣದ ದಿನವನ್ನು, ಗ್ರಹಕೂಟವನ್ನು, ಮಾಯಾ ಜನರ ಪಂಚಾಂಗವನ್ನು ಓದಿದವರಿದ್ದಾರೆ. ಪ್ರಳಯದ ತಾರೀಖನ್ನು ಕಂಡವರೂ ಇದ್ದಾರೆ. ವೃತ್ತಗಳಿಗಿಂತ ಈ ಓದಿನ ಕತೆಯೇ ಹೆಚ್ಚು ಸ್ವಾರಸ್ಯಕರ.

ಹಲಗೆ ಮತ್ತು ಹಗ್ಗ

ಮೊದಲು ‘ಯಾರು’ ಎಂಬುದನ್ನು ನೋಡೋಣ. 1991ರ ಸೆಪ್ಟೆಂಬರ್‌ನಲ್ಲಿ ಸೌತಾಂಪ್ಟನ್‌ನ ಡಗ್ ಬೋವರ್ ಮತ್ತು ಡೇವ್ ಚೋರ್ಲಿ ಎಂಬ ಅರವತ್ತು ದಾಟಿದ ಇಬ್ಬರು ಗೆಳೆಯರು ಲಂಡನ್ನಿನ ‘ಟುಡೇ’ ಪತ್ರಿಕೆಯ ಮುಂದೆ ಗುಟ್ಟು ಬಿಟ್ಟುಕೊಟ್ಟರು. 1970ರ ದಶಕದ ಕೊನೆಯ ಭಾಗದಿಂದ ಹಲಗೆ, ಹಗ್ಗ ಮತ್ತು ಟೋಪಿಗೆ ಸಿಕ್ಕಿಸಿದ ಒಂದು ತಂತಿಯ ಉಂಗುರ ಇಷ್ಟೇ ಸಲಕರಣೆಯಿಂದ ತಾವು ವೃತ್ತ ಬರೆಯುತ್ತಿದ್ದೇವೆ ಎಂದರು. ತಂತಿಯ ಉಂಗುರದಲ್ಲಿ ದೂರದ ಗುರುತೊಂದನ್ನು ನೋಡುತ್ತ ನಡೆದರೆ ಗೆರೆ ಸೊಟ್ಟಗಾಗುವುದಿಲ್ಲ. ಟ್ರ್ಯಾಕ್ಟರ್ ಚಕ್ರದ ಜಾಡಿನಲ್ಲೇ ಹೊಲದೊಳಗೆ ಹೋದರೆ ಹೆಜ್ಜೆ ಗುರುತೂ ಉಳಿಯುವುದಿಲ್ಲ! 1966ರಲ್ಲಿ ಆಸ್ಟ್ರೇಲಿಯಾದ ಟಲಿ ಎಂಬಲ್ಲಿ ಜೊಂಡಿನ ನಡುವೆ ಕಂಡಿದ್ದ ‘ಹಾರುವ ತಟ್ಟೆಯ ಗೂಡಿ’ನ ಸುದ್ದಿಯೇ ಅವರಿಗೆ ಪ್ರೇರಣೆ.

ಪತ್ರಿಕೆಗಾಗಿ ಅವರು ರಚಿಸಿದ ಒಂದು ಚಿತ್ತಾರವನ್ನು ಪ್ಯಾಟ್ ಡೆಲ್ಗಾಡೊ ಎಂಬ ಸಂಶೋಧಕರು ಅಸಲಿ ಎಂದೇ ಹೇಳಿದರು. ಇವರು 1989ರಲ್ಲಿ ಕಾಲಿನ್ ಆಂಡ್ರ್ಯೂಸ್ ಅವರೊಡನೆ ‘ಸರ್ಕ್ಯುಲರ್ ಎವಿಡೆನ್ಸ್’ ಎಂಬ ಪುಸ್ತಕ ಬರೆದು ಹೆಸರಾದವರು. ನಿಜ ತಿಳಿದ ಮೇಲೆ ತಾವು ಮೋಸಹೋದುದನ್ನು ಒಪ್ಪಿಕೊಂಡರು. ಸುಂಟರಗಾಳಿಯೇ ಇದಕ್ಕೆ ಕಾರಣ ಎಂದು ಹವಾಮಾನ ತಜ್ಞ ಟೆರೆನ್ಸ್ ಮೀಡನ್ ಮಂಡಿಸಿದ್ದ ವಾದವೂ ಅಲ್ಲಿಗೆ ಸೊರಗಿತು. ಬೋವರ್ ಮತ್ತು ಚೋರ್ಲಿಗೆ 1992ರಲ್ಲಿ ವಿಜ್ಞಾನದ ವಿಡಂಬನೆಗೆಂದೇ ಮೀಸಲಾದ ‘ಇಗ್ ನೊಬೆಲ್’ ಭೌತಶಾಸ್ತ್ರ ಬಹುಮಾನ ಸಂದಿತು.

ಕಲ್ಲಿನಿಂದ ಪೈರಿಗೆ

ಇಷ್ಟಾದರೂ ವೃತ್ತಗಳು ನಿಲ್ಲಲಿಲ್ಲ. ಹೊಸ ಕೈಗಳು ಹುಟ್ಟಿಕೊಂಡವು, ಚಿತ್ತಾರಗಳು ಮತ್ತಷ್ಟು ಜಟಿಲವಾದವು. ಅವುಗಳಿಗೆ ಆಕಾಶದ ಅರ್ಥ ಅಂಟಿಕೊಂಡದ್ದಕ್ಕೆ ಆ ನೆಲವೂ ಒಂದು ಕಾರಣ. ವಿಲ್ಟ್‌ಶೈರ್ ಎಂದರೆ ಸ್ಟೋನ್‌ಹೆಂಜ್, ಏವ್‌ಬರಿ, ಸಿಲ್ಬರಿ ಗುಡ್ಡಗಳ ನಾಡು. ಸುಮಾರು 4,500 ವರ್ಷಗಳ ಹಿಂದೆ ನಿಲ್ಲಿಸಿದ ಸ್ಟೋನ್‌ಹೆಂಜ್‌ನ ಬೃಹತ್ ಕಲ್ಲುಗಳು ವರ್ಷದ ಅತಿ ದೀರ್ಘ ಹಗಲಿನ ಸೂರ್ಯೋದಯದ ದಿಕ್ಕಿಗೆ ಮುಖ ಮಾಡಿವೆ.

1960ರ ದಶಕದಲ್ಲಿ ಖಗೋಳ ವಿಜ್ಞಾನಿ ಜೆರಾಲ್ಡ್ ಹಾಕಿನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ಟೋನ್‌ಹೆಂಜ್‌ನ ಅಂಚಿನಲ್ಲಿ ಸುತ್ತಲೂ ‘ಆಬ್ರಿ ಕುಳಿ’ಗಳೆಂಬ 56 ಗುಂಡಿಗಳಿವೆ. ಇವು ಗ್ರಹಣ ಎಣಿಸುವ ಯಂತ್ರ ಎಂದರು ಅವರು. ಲೆಕ್ಕ ನಮ್ಮ ಪಂಚಾಂಗ ಬಲ್ಲವರಿಗೆ ಹೊಸದಲ್ಲ. ಚಂದ್ರನ ಹಾದಿಯೂ ಸೂರ್ಯನ ಹಾದಿಯೂ ಅಡ್ಡ ಹಾಯುವ ಎರಡು ಬಿಂದುಗಳೇ ರಾಹು ಮತ್ತು ಕೇತು. ಅಮಾವಾಸ್ಯೆ ಅಥವಾ ಹುಣ್ಣಿಮೆ ಈ ಬಿಂದುಗಳ ಸಮೀಪ ಬಿದ್ದರಷ್ಟೇ ಗ್ರಹಣ. ರಾಹು ಒಂದು ರಾಶಿಯಲ್ಲಿ ಸುಮಾರು ಒಂದೂವರೆ ವರ್ಷ ಇದ್ದು, 18.6 ವರ್ಷಕ್ಕೆ ಹನ್ನೆರಡೂ ರಾಶಿ ಸುತ್ತಿ ಬರುತ್ತಾನೆ. ಅಂಥ ಮೂರು ಸುತ್ತು ಸೇರಿದರೆ 55.8 ವರ್ಷ, ಅಂದರೆ ಹತ್ತಿರ ಹತ್ತಿರ 56!

ಪುರಾತತ್ವ ತಜ್ಞ ರಿಚರ್ಡ್ ಅಟ್ಕಿನ್ಸನ್ ಇದನ್ನು ಒಪ್ಪಲಿಲ್ಲ. ಆ ಗುಂಡಿಗಳಲ್ಲಿ ಸಿಕ್ಕಿದ್ದು ಸುಟ್ಟ ಮೂಳೆ. ಅದು ಹೂಳುವ ಜಾಗವೆಂಬುದಕ್ಕೆ ಸಾಕ್ಷಿಯಿದೆ, ಎಣಿಸುವ ಯಂತ್ರವೆಂಬುದಕ್ಕೆ ಇಲ್ಲ. ಸಂಖ್ಯೆ ಹೊಂದುತ್ತದೆ ಎಂದ ಮಾತ್ರಕ್ಕೆ ಕಟ್ಟಿದವರ ಉದ್ದೇಶವೂ ಅದೇ ಎನ್ನಲಾಗದು. ಅದೇ ಹಾಕಿನ್ಸ್ 1990ರ ದಶಕದಲ್ಲಿ ಪೈರಿನ ವೃತ್ತಗಳನ್ನು ಅಳೆದು, ಅವುಗಳ ಅಳತೆಗಳಲ್ಲಿ ಸಂಗೀತದ ಸ್ವರಗಳ ಅನುಪಾತ ಇದೆ ಎಂದು ತೋರಿಸಿದ್ದು ಕುತೂಹಲಕರ.

ಕಾಣೆಯಾದ ಭೂಮಿ

1995ರ ಬೇಸಿಗೆಯಲ್ಲಿ ಹ್ಯಾಂಪ್‌ಶೈರ್‌ನ ಲಾಂಗ್‌ವುಡ್ ವಾರೆನ್‌ನಲ್ಲಿ ಸೌರಮಂಡಲವೇ ಮೂಡಿತು. ನಡುವೆ ಸೂರ್ಯ, ಸುತ್ತ ಗ್ರಹಗಳ ಕಕ್ಷೆಗಳು, ಹೊರಗೆ ಕ್ಷುದ್ರಗ್ರಹಗಳ ಸಾಲು. ಆದರೆ ಭೂಮಿಯ ಕಕ್ಷೆಯಲ್ಲಿ ಭೂಮಿಯೇ ಇಲ್ಲ! ಭೂಮಿಗೆ ಕೇಡು ಕಾದಿದೆ ಎಂದು ಹಲವರು ಹೌಹಾರಿದರು. 1999ರ ಆಗಸ್ಟ್ 11ರಂದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಖಗ್ರಾಸ ಸೂರ್ಯಗ್ರಹಣವಿತ್ತು. ಆ ವರ್ಷ ಮೂಡಿದ ಅರ್ಧಚಂದ್ರಾಕಾರದ ಚಿತ್ತಾರಗಳನ್ನು ಗ್ರಹಣದ ಮುನ್ಸೂಚನೆ ಎಂದು ಓದಲಾಯಿತು. ಗ್ರಹಣದ ದಿನ ಅಲ್ಲಿನ ಪತ್ರಿಕೆ ಓದುವವರಿಗೆಲ್ಲ ಮೊದಲೇ ಗೊತ್ತಿತ್ತು ಎಂಬುದನ್ನು ಮಾತ್ರ ಮರೆಯಲಾಯಿತು.

2004ರಲ್ಲಿ ಸಿಲ್ಬರಿ ಗುಡ್ಡದ ಬಳಿ ಮಾಯಾ ಪಂಚಾಂಗವನ್ನು ಹೋಲುವ ಚಿತ್ತಾರ ಕಂಡಿತು. 2008ರ ಜುಲೈನಲ್ಲಿ ಏವ್‌ಬರಿಯಲ್ಲಿ ಮತ್ತೆ ಸೌರಮಂಡಲ. ಅದರಲ್ಲಿ ಗ್ರಹಗಳು ನಿಂತ ಜಾಗವನ್ನು ಲೆಕ್ಕ ಹಾಕಿದವರಿಗೆ ಸಿಕ್ಕಿದ ದಿನ 2012ರ ಡಿಸೆಂಬರ್ 21. ಮಾಯಾ ದೀರ್ಘಗಣನೆಯ ಒಂದು ಮಹಾಚಕ್ರ ಮುಗಿಯುವ ದಿನವೂ ಅದೇ. ಲೋಕವೇ ಮುಳುಗುತ್ತದೆ ಎಂಬ ಗುಲ್ಲು ಎಷ್ಟು ಹಬ್ಬಿತೆಂದರೆ, ಹಾಗೇನೂ ಆಗದು ಎಂದು ಅಮೆರಿಕದ ನಾಸಾ ಸಂಸ್ಥೆಯೇ ವಿವರಣೆ ನೀಡಬೇಕಾಯಿತು. 22ರಂದು ಎಂದಿನಂತೆ ಸೂರ್ಯ ಹುಟ್ಟಿದ.

ಸಂಖ್ಯೆಗಳ ಬಲೆ

ಬುದ್ಧಿವಂತರೂ ಈ ಬಲೆಗೆ ಬೀಳುವುದೇಕೆ? ಪ್ರಾಚೀನ ಪಂಚಾಂಗಗಳಲ್ಲಿ ಸಂಖ್ಯೆಗಳಿಗೆ ಬರವಿಲ್ಲ. ಚಿತ್ತಾರದಲ್ಲಿ 12 ವೃತ್ತಗಳಿದ್ದರೆ ರಾಶಿಗಳು, 13 ಇದ್ದರೆ ಅಧಿಕಮಾಸವಿರುವ ವರ್ಷದ ತಿಂಗಳುಗಳು. 18 ಇದ್ದರೆ ಮಾಯಾ ವರ್ಷದ ತಿಂಗಳುಗಳು, 19 ಇದ್ದರೆ ಗ್ರೀಕರ ಮೆಟಾನ್ ಚಕ್ರ, 20 ಇದ್ದರೆ ಮಾಯಾ ದಿನಗಳ ಹೆಸರು. 27 ನಕ್ಷತ್ರ, 30 ತಿಥಿ, 52 ಮತ್ತೆ ಮಾಯಾ ಚಕ್ರ, 56 ಆಬ್ರಿ ಕುಳಿ, 60 ಸಂವತ್ಸರ. ಯಾವ ಸಂಖ್ಯೆ ಬಂದರೂ ಅದಕ್ಕೊಂದು ಮನೆ ಸಿದ್ಧ!

ಇನ್ನೊಂದು ಉದಾಹರಣೆ ನೋಡಿ. ಮಾಯಾ ಗಣನೆಯ ಆರಂಭ ಕ್ರಿ.ಪೂ. 3114. ನಮ್ಮ ಕಲಿಯುಗದ ಆರಂಭ ಕ್ರಿ.ಪೂ. 3102. ನಡುವಿನ ಅಂತರ 12 ವರ್ಷ, ಗುರುಗ್ರಹ ಒಂದು ಸುತ್ತು ಬರುವಷ್ಟು ಕಾಲ. ಸೋಜಿಗ ಎನಿಸುವುದಿಲ್ಲವೆ? ಆದರೆ ಎರಡೂ ನಂತರದ ಕಾಲದವರು ಹಿಂದಕ್ಕೆ ಎಣಿಸಿ ಗೊತ್ತು ಮಾಡಿದ ದಿನಗಳು. ಇವೆರಡಕ್ಕೆ ಸಂಬಂಧವಿದೆ ಎನ್ನಲು ಯಾವ ಆಧಾರವೂ ಇಲ್ಲ.

ನಿಜವಾದ ಲೆಕ್ಕ

ಇಂಥ ಓದಿನಿಂದ ನಿಜಕ್ಕೂ ಅನ್ಯಾಯವಾಗುವುದು ಆ ಪ್ರಾಚೀನ ಪಂಚಾಂಗಕಾರರಿಗೇ. ಬ್ಯಾಬಿಲೋನಿನವರು ಜೇಡಿಮಣ್ಣಿನ ಹಲಗೆಗಳಲ್ಲಿ ತಲೆಮಾರುಗಳ ಕಾಲ ಗ್ರಹಣಗಳನ್ನು ಬರೆದಿಟ್ಟು, ‘ಸಾರೋಸ್’ ಎಂದು ಇಂದು ಕರೆಯುವ ಚಕ್ರವನ್ನು ಕಂಡುಕೊಂಡರು. 223 ಚಾಂದ್ರಮಾಸ, ಅಂದರೆ 18 ವರ್ಷ, 10 ಅಥವಾ 11 ದಿನ ಮತ್ತು ಸುಮಾರು 8 ಗಂಟೆ ಕಳೆದರೆ ಅದೇ ಬಗೆಯ ಗ್ರಹಣ ಮರಳುತ್ತದೆ. ಆ 8 ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುವುದರಿಂದ ಗ್ರಹಣ ಅಷ್ಟು ಪಶ್ಚಿಮಕ್ಕೆ ಸರಿಯುತ್ತದೆ. 1999ರ ಆಗಸ್ಟ್ 11ರಂದು ಯುರೋಪಿನಲ್ಲಿ ಕಂಡ ಗ್ರಹಣದ ಮುಂದಿನ ಕಂತು 2017ರ ಆಗಸ್ಟ್ 21ರಂದು ಅಮೆರಿಕದಲ್ಲಿ ಕಂಡದ್ದು ಹೀಗೆ.

ಮಾಯಾ ಜನರ ‘ಡ್ರೆಸ್ಡೆನ್ ಹಸ್ತಪ್ರತಿ’ಯಲ್ಲಿ 405 ಚಾಂದ್ರಮಾಸಗಳ ಗ್ರಹಣ ಕೋಷ್ಟಕವೇ ಇದೆ. ಅದು 11,960 ದಿನ, ಅಂದರೆ ಅವರ 260 ದಿನಗಳ ಪಂಚಾಂಗದ ಸರಿಯಾಗಿ 46 ಸುತ್ತು. ಲೋಕ 2012ಕ್ಕೆ ಕೊನೆ ಎಂದೂ ಅವರು ಎಣಿಸಿರಲಿಲ್ಲ. ಮೆಕ್ಸಿಕೋದ ಪಲೆಂಕೆಯ ಶಾಸನವೊಂದು ಕ್ರಿ.ಶ. 4772ರ ದಿನವನ್ನು ಹೆಸರಿಸುತ್ತದೆ. ನಮ್ಮಲ್ಲಿ ಕ್ರಿ.ಶ. 499ರಷ್ಟು ಹಿಂದೆಯೇ ಆರ್ಯಭಟ ಗ್ರಹಣಕ್ಕೆ ನೆರಳೇ ಕಾರಣವೆಂದು ಬರೆದಿದ್ದ.

ಇವರೆಲ್ಲರ ಲೆಕ್ಕಕ್ಕೂ ಪೈರಿನ ವೃತ್ತಗಳ ವ್ಯಾಖ್ಯಾನಕ್ಕೂ ಇರುವ ವ್ಯತ್ಯಾಸ ಒಂದೇ. ಪಂಚಾಂಗ ದಿನವನ್ನು ಮೊದಲೇ ಹೇಳುತ್ತದೆ. ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ, ತಿದ್ದಲೇಬೇಕಾಗುತ್ತದೆ. ವೃತ್ತಗಳ ಅರ್ಥ ಸಾಮಾನ್ಯವಾಗಿ ಘಟನೆಯ ಬೆನ್ನಿಗೆ ಬರುತ್ತದೆ. ಮೊದಲೇ ದಿನ ಹೇಳಿದ 2012ರಲ್ಲಿ ಏನೂ ಆಗಲಿಲ್ಲ, ಆದರೆ ಯಾರೂ ಲೆಕ್ಕ ತಿದ್ದಲಿಲ್ಲ.

ಈ ಗದ್ದಲದಲ್ಲಿ ಬೆಳೆ ಕಳೆದುಕೊಳ್ಳುವವನು ರೈತ. 2000ದಲ್ಲಿ ವಿಲ್ಟ್‌ಶೈರ್‌ನ ನ್ಯಾಯಾಲಯವೊಂದು ವೃತ್ತ ಬರೆದವನೊಬ್ಬನಿಗೆ ಬೆಳೆ ಹಾಳು ಮಾಡಿದ ತಪ್ಪಿಗೆ ದಂಡ ವಿಧಿಸಿತು. ಕಟಾವಿನ ಯಂತ್ರ ಹೊಲಕ್ಕಿಳಿದರೆ ಎಂಥ ಚಿತ್ತಾರವೂ ಅಳಿಸಿಹೋಗುತ್ತದೆ. ಬ್ಯಾಬಿಲೋನಿನವರ ಲೆಕ್ಕ ಹಾಗಲ್ಲ. 2009ರ ಜುಲೈ 22ರಂದು ಸೂರತ್, ವಾರಾಣಸಿಗಳ ಮೇಲೆ ಹಾದುಹೋದ ಖಗ್ರಾಸ ಗ್ರಹಣಕ್ಕೆ ಒಂದು ಸಾರೋಸ್ ಕೂಡಿಸಿ ನೋಡಿ. 2027ರ ಆಗಸ್ಟ್ 2 ಎಂದು ಬರುತ್ತದೆ. ಅಂದಿನ ಖಗ್ರಾಸದ ನೆರಳು ಉತ್ತರ ಆಫ್ರಿಕಾದ ಮೇಲೆ. ಅದನ್ನು ತಿಳಿಯಲು ಯಾರ ಹೊಲವನ್ನೂ ತುಳಿಯಬೇಕಾಗಿಲ್ಲ.