ಅತಿಸ್ಥೌಲ್ಯದ ಶಸ್ತ್ರಚಿಕಿತ್ಸೆ: ಕಾರವಾರದಿಂದ ಒಂದು ಐತಿಹಾಸಿಕ ಪರಾಮರ್ಶೆ

ಶರೀರದ ಅತಿಸ್ಥೌಲ್ಯವು ಕೇವಲ ಈ ಕಾಲದ ರೋಗವೆಂದೂ, ಶಸ್ತ್ರದಿಂದ ಅದನ್ನು ನಿವಾರಿಸುವ ಯತ್ನವು ನಗರದ ಸಿರಿವಂತರ ವಿಲಾಸವೆಂದೂ ಭಾವಿಸುವವರು ಬಹು ಮಂದಿ. ಈ ಎರಡು ಭಾವನೆಗಳೂ ಇತಿಹಾಸದ ಪರೀಕ್ಷೆಗೆ ನಿಲ್ಲತಕ್ಕವಲ್ಲ. ಪ್ರಕೃತ ಲೇಖನದಲ್ಲಿ ಈ ಚಿಕಿತ್ಸೆಯ ಬೆಳವಣಿಗೆಯನ್ನು ಸಂಗ್ರಹವಾಗಿ ನಿರೂಪಿಸಿ, ಕಾರವಾರ-ಅಂಕೋಲೆಗಳಂಥ ಪ್ರದೇಶಕ್ಕೆ ಅದರಿಂದ ದೊರೆಯುವ ಪಾಠವನ್ನು ವಿಚಾರಿಸುವೆವು.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತರಲ್ಲಿ ಒಬ್ಬನೆಂದು ಎಣಿಸುತ್ತದೆ. ಆಯುಸ್ಸಿನ ಹ್ರಾಸ, ದೌರ್ಬಲ್ಯ, ಅತಿಯಾದ ಬೆವರು, ಹಸಿವು, ಬಾಯಾರಿಕೆ ಮೊದಲಾದವು ಅವನ ದೋಷಗಳು. ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಒಂದು, ಕಾರಣಗಳಲ್ಲಿ ಅತಿಭೋಜನ ಮತ್ತು ವ್ಯಾಯಾಮದ ಅಭಾವಗಳ ಜೊತೆಗೆ ಬೀಜಸ್ವಭಾವವೂ ಸೇರಿದೆ. ಎರಡು, ಮೇದಸ್ಸು ಮಾರ್ಗಗಳನ್ನು ತಡೆದಾಗ ವಾಯುವು ಕೋಷ್ಠದಲ್ಲಿ ಸಂಚರಿಸಿ ಜಠರಾಗ್ನಿಯನ್ನು ಉದ್ದೀಪಿಸುವುದರಿಂದ ಹಸಿವು ಹೆಚ್ಚುತ್ತದೆಂದು ಹೇಳಿದೆ. ಎಂದರೆ ಹಸಿವು ರೋಗಿಯ ಚಾಪಲ್ಯವಲ್ಲ, ರೋಗದ ಲಕ್ಷಣವೆಂದಾಯಿತು. ಸುಶ್ರುತನಾದರೋ ಕರುಳಿನ ತಡೆಗೆ ಉದರವನ್ನು ಸೀಳುವ ಕ್ರಮವನ್ನು ಬಲ್ಲವನಾಗಿದ್ದರೂ ಸ್ಥೌಲ್ಯಕ್ಕೆ ಶಸ್ತ್ರವನ್ನು ವಿಧಿಸಲಿಲ್ಲ.

ಆಧುನಿಕ ಪ್ರಯತ್ನವು ಅಮೆರಿಕದ ಮಿನ್ನೆಸೋಟದಲ್ಲಿ ಆರಂಭವಾಯಿತು. 1954ರಲ್ಲಿ ಕ್ರೆಮೆನ್, ಲಿನ್ನರ್ ಮತ್ತು ನೆಲ್ಸನ್ ಎಂಬವರು, ಸಣ್ಣ ಕರುಳಿನ ಬಹುಭಾಗವನ್ನು ಬದಿಗಿರಿಸಿ ಆಹಾರವನ್ನು ಸಾಗಿಸುವ ವಿಧಾನವನ್ನು ಪ್ರಕಟಿಸಿದರು. ತೂಕವೇನೋ ಇಳಿಯಿತು, ಆದರೆ ಮುಂದಿನ ವರ್ಷಗಳಲ್ಲಿ ಅನೇಕ ರೋಗಿಗಳು ಯಕೃತ್ತಿನ ಹಾನಿ, ಮೂತ್ರಪಿಂಡದ ಕಲ್ಲು, ಪೋಷಕಾಂಶಗಳ ಕೊರತೆಗಳಿಗೆ ತುತ್ತಾದುದರಿಂದ ಆ ವಿಧಾನವನ್ನು ಕೈಬಿಡಬೇಕಾಯಿತು. ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಕೃಶರಾಗುವುದನ್ನು ಕಂಡಿದ್ದ ಅಯೋವಾದ ಮೇಸನ್, 1966ರಲ್ಲಿ ಇಟೋ ಎಂಬವರೊಡನೆ ಜಠರವನ್ನೇ ಕಿರಿದುಗೊಳಿಸುವ ಮಾರ್ಗವನ್ನು ಹಿಡಿದನು. 1994ರಲ್ಲಿ ವಿಟ್‌ಗ್ರೋವ್ ಮತ್ತು ಸಂಗಡಿಗರು ಇದನ್ನು ದರ್ಶಕ ನಳಿಕೆಯ ಮೂಲಕ, ಸಣ್ಣ ರಂಧ್ರಗಳಿಂದ ನೆರವೇರಿಸಿದ ವರದಿಯನ್ನಿತ್ತರು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಲ್ಲಿ ಹುಟ್ಟುವ ಗ್ರೆಲಿನ್ ಎಂಬ ಹಸಿವಿನ ಸ್ರಾವವನ್ನು ಗುರುತಿಸಿದರು. ಹಸಿವಿಗೆ ಶರೀರದೊಳಗೇ ಕಾರಣವುಂಟೆಂಬ ಪ್ರಾಚೀನರ ಊಹೆಯು ಬೇರೊಂದು ರೂಪದಲ್ಲಿ ಮರಳಿ ಬಂದಂತಾಯಿತು.

ಫಲವೇನು? ಸ್ವೀಡನ್ ದೇಶದ ದೀರ್ಘ ಅಧ್ಯಯನವು 2007ರಲ್ಲಿ ಉತ್ತರವಿತ್ತಿತು. ಸರಾಸರಿ ಹನ್ನೊಂದು ವರ್ಷಗಳಲ್ಲಿ ಸಾಮಾನ್ಯ ಚಿಕಿತ್ಸೆ ಪಡೆದ 2037 ಜನರಲ್ಲಿ 129 ಮಂದಿಯೂ, ಶಸ್ತ್ರಚಿಕಿತ್ಸೆ ಪಡೆದ 2010 ಜನರಲ್ಲಿ 101 ಮಂದಿಯೂ ಮೃತರಾದರು. ಅಂತರವು ಅದ್ಭುತವಲ್ಲ, ಆದರೂ ನಿಜವಾದುದು. ಭಾರತದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಬಿ.ಎಂ.ಐ. 40 ಮೀರಿದವರಿಗೆ, ಅಥವಾ 35 ಮೀರಿ ಹೃದ್ರೋಗ, ಹತೋಟಿಗೆ ಬಾರದ ಮಧುಮೇಹ ಮೊದಲಾದ ತೀವ್ರ ವ್ಯಾಧಿಗಳಿರುವವರಿಗೆ, ಈ ಚಿಕಿತ್ಸೆಯನ್ನು ವಿಮೆಯಿಂದ ಹೊರಗಿಡಕೂಡದೆಂಬ ನಿಯಮವನ್ನು ಮಾಡಿತು. ವಿಲಾಸವೆಂಬ ಮಾತಿಗೆ ಅಂದಿಗೆ ಆಧಾರ ತಪ್ಪಿತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ಬಳಿಕ ಕಿರುತೆರೆಯ ತರುಣ ನಟಿಯೊಬ್ಬರು ತೀರಿಕೊಂಡ ದುಃಖದ ಪ್ರಸಂಗವನ್ನು ಇದರೊಡನೆ ಬೆರಸಲಾಗದು. ಅಂದಕ್ಕಾಗಿ ಕೊಬ್ಬು ತೆಗೆಯುವುದು ಬೇರೆ, ಜಠರದ ಚಿಕಿತ್ಸೆ ಬೇರೆ.

ಇನ್ನು ನಮ್ಮ ಕರಾವಳಿಯ ಮಾತು. ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಆಡಳಿತ ಬದಲಾದರೂ ದೊಡ್ಡ ಆಸ್ಪತ್ರೆ ಮಾತ್ರ ಗಡಿಯಾಚೆಯೋ ಘಟ್ಟದಾಚೆಯೋ ಉಳಿಯಿತು. ಗೋವೆಯಲ್ಲಿ 1842ರಲ್ಲಿಯೇ ವೈದ್ಯಕೀಯ ಶಾಲೆ ಏರ್ಪಟ್ಟಿತ್ತು. ಮಣಿಪಾಲದಲ್ಲಿ 1953ರಲ್ಲಿ, ಹುಬ್ಬಳ್ಳಿಯಲ್ಲಿ 1957ರಲ್ಲಿ ಕಾಲೇಜುಗಳಾದವು. ಕಾರವಾರಕ್ಕೆ ಆ ಭಾಗ್ಯವೊದಗಿದ್ದು 2016ರಲ್ಲಿ. 2018ರಲ್ಲಿ ಗೋವಾ ಸರ್ಕಾರವು ಹೊರರಾಜ್ಯದ ರೋಗಿಗಳಿಂದ ಶುಲ್ಕ ಪಡೆಯತೊಡಗಿದಾಗ, ಎರವಲಿನ ಆಸ್ಪತ್ರೆ ಎಷ್ಟು ಅಸ್ಥಿರವಾದುದೆಂಬುದು ಸ್ಪಷ್ಟವಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಇವರಲ್ಲಿ ಬಹುಪಾಲಿಗೆ ಶಸ್ತ್ರ ಬೇಡ. ಬೇಕಾದ ಕೆಲವರಿಗೆ ಮಾತ್ರ ಅದು ಜೀವನ್ಮರಣದ ಪ್ರಶ್ನೆ.

ಇಲ್ಲಿ 1954ರ ವಿಧಾನದ ಕಥೆಯನ್ನು ಪುನಃ ಸ್ಮರಿಸಬೇಕು. ಅಲ್ಲಿ ಕೇಡು ಬಂದುದು ಶಸ್ತ್ರಶಾಲೆಯಲ್ಲಲ್ಲ, ಆಮೇಲಿನ ವರ್ಷಗಳಲ್ಲಿ. ಇಂದಿನ ವಿಧಾನಗಳಲ್ಲಿಯೂ ರೋಗಿಯು ಜೀವಮಾನಪರ್ಯಂತ ಕಬ್ಬಿಣ, ಸುಣ್ಣ, ಬಿ 12 ಮೊದಲಾದವುಗಳ ಕೊರತೆಯನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು. ಒಂದು ದಿನದ ಶಸ್ತ್ರಕ್ಕಾಗಿ ಅಂಕೋಲೆಯವನು ಅರಬೈಲು ಘಟ್ಟವನ್ನು ಹತ್ತಿ ಹುಬ್ಬಳ್ಳಿಗೆ ಹೋಗಬಲ್ಲನು. ಪ್ರತಿಯೊಂದು ರಕ್ತಪರೀಕ್ಷೆಗೂ ಆಯುಷ್ಯವಿಡೀ ಹೋಗಬಲ್ಲನೆ? ಆದುದರಿಂದ ಶಸ್ತ್ರವು ದೂರದಲ್ಲಿ ನಡೆದರೂ ಅನಂತರದ ಪೋಷಣೆ ಊರ ಸಮೀಪದಲ್ಲಿಯೇ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ. ನಿಂದೆಯಿಂದ ಆರಂಭವಾದ ಈ ಇತಿಹಾಸವು ಚಿಕಿತ್ಸೆಯವರೆಗೆ ಬಂದಿದೆ. ಆರೈಕೆಯವರೆಗೆ ಅದನ್ನು ಮುಟ್ಟಿಸುವುದು ಮುಂದಿನವರ ಕರ್ತವ್ಯ.